ಬಿ.ಇ. ಮುಗಿದರೂ ನಕ್ಷೆಗೆ ನಿಮ್ಮ ಸಹಿ ಯಾಕೆ ನಡೆಯುವುದಿಲ್ಲ?

ಹೋದ ವರ್ಷ ನಮ್ಮಣ್ಣನ ಮಗಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿದಳು. ಫಲಿತಾಂಶ ಬಂದ ವಾರವೇ ಅವಳ ಸೋದರಮಾವ ಪೇಡೆ ಡಬ್ಬಿ ಹಿಡಿದುಕೊಂಡು ಕಲಬುರಗಿಯ ನಮ್ಮ ಮನೆಗೆ ಬಂದರು. ಸೇಡಂ ರಸ್ತೆ ಕಡೆ ಅವರದೊಂದು 30×40 ನಿವೇಶನವಿದೆ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆಯೂ ಇತ್ತು. ಅದನ್ನು ದಿವಾನದ ಮೇಲೆ ಬಿಚ್ಚಿ, "ಮನ್ಯಾಗೇ ಇಂಜಿನೇರ್ ಅದಾಳ, ಹೊರಗಿನೋರಿಗಿ ಯಾಕ್ ರೊಕ್ಕಾ ಕೊಡಾದು? ಒಂದ್ ಸಹಿ ಹಾಕವ್ವ" ಎಂದರು. ಹುಡುಗಿ ಖುಷಿಯಿಂದ ಪೆನ್ನು ತೆಗೆದೇಬಿಟ್ಟಳು. ನಾನು ತಡೆದೆ.

"ಯಾಕ್ ಕಾಕಾ, ನನ್ನ ಸಹಿ ನಡಿಯಂಗಿಲ್ಲೇನು?"

ನಡೆಯುವುದಿಲ್ಲ. ನಾಲ್ಕು ವರ್ಷ ಓದಿ, ವಿಶ್ವವಿದ್ಯಾಲಯದ ಪದವಿ ಪಡೆದವಳಿಗೆ ಹೀಗೆ ಹೇಳುವಾಗ ನನಗೂ ಕಷ್ಟವಾಯಿತು. ಕಲಬುರಗಿಯ ಪಿಡಿಎ ಕಾಲೇಜಿನಿಂದ, ಬೀದರಿನ ಗುರುನಾನಕ್ ದೇವ್ ಕಾಲೇಜಿನಿಂದ, ಭಾಲ್ಕಿಯಿಂದ ವರ್ಷ ವರ್ಷ ಹೊರಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಈ ವಿಷಯವನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪದವಿ ಪ್ರಮಾಣಪತ್ರ ಹೇಳುವುದು ನೀವು ಇಂಥ ವಿಷಯ ಓದಿ ತೇರ್ಗಡೆಯಾಗಿದ್ದೀರಿ ಎಂದು. ಇನ್ನೊಬ್ಬರ ಮನೆಯ ನಕ್ಷೆಗೆ ಸಹಿ ಹಾಕಿ, "ಇದು ನಿಯಮದ ಪ್ರಕಾರ ಇದೆ, ಇದರ ಹೊಣೆ ನನ್ನದು" ಎಂದು ಪಾಲಿಕೆಯ ಮುಂದೆ ನಿಲ್ಲುವ ಹಕ್ಕು ಅದರಿಂದ ಬರುವುದಿಲ್ಲ. ವೈದ್ಯರನ್ನು ನೋಡಿ: ಎಂಬಿಬಿಎಸ್ ಮುಗಿಸಿದರೂ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗದೆ ಚೀಟಿ ಬರೆಯುವಂತಿಲ್ಲ. ವಕೀಲರಿಗೆ 1961ರ ವಕೀಲರ ಕಾಯ್ದೆ ಇದೆ. ವಾಸ್ತುಶಿಲ್ಪಿಗಳಿಗೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆ, ದೇಶಕ್ಕೆಲ್ಲ ಒಂದೇ ಪರಿಷತ್ತು, ಒಂದೇ ನೋಂದಣಿ ಸಂಖ್ಯೆ. ಎಂಜಿನಿಯರುಗಳಿಗೆ ಮಾತ್ರ ಇಡೀ ದೇಶಕ್ಕೆ ಅನ್ವಯವಾಗುವ ಅಂಥ ಕಾಯ್ದೆ ಇಲ್ಲ. ಅದಕ್ಕಾಗಿ ಮಸೂದೆಯ ಮಾತು ಹಲವು ಸಲ ಬಂದು ಹೋಗಿದೆ. ಇದು ನಮ್ಮ ವೃತ್ತಿಗೆ ಆದ ದೊಡ್ಡ ಕೊರತೆ ಎಂದೇ ನಾನು ನಂಬಿದ್ದೇನೆ.

ಹಾಗಾದರೆ ಊರೂರಲ್ಲಿ "ಲೈಸೆನ್ಸ್ ಎಂಜಿನಿಯರ್" ಎಂದು ಬೋರ್ಡು ಹಾಕಿಕೊಂಡವರು ಯಾರು? ಅವರ ಲೈಸೆನ್ಸು ಬಂದಿರುವುದು ಸ್ಥಳೀಯ ಸಂಸ್ಥೆಯಿಂದ. ಅದರ ಬೇರು ಎಲ್ಲಿದೆ ಎಂದು ಮೊದಲು ತಿಳಿಯಬೇಕು.

ಭೂಮಿ, ಕಟ್ಟಡ, ಸ್ಥಳೀಯ ಆಡಳಿತ ಇವೆಲ್ಲ ರಾಜ್ಯದ ವಿಷಯಗಳು. ಕಲಬುರಗಿ ಮಹಾನಗರ ಪಾಲಿಕೆಯ ಹದ್ದಿನಲ್ಲಿ ಮನೆ ಕಟ್ಟುವವರಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಅದರ 299ನೇ ಕಲಮಿನ ಪ್ರಕಾರ ಕಟ್ಟುವ ಮೊದಲು ಅರ್ಜಿ, 310ರ ಪ್ರಕಾರ ಕಟ್ಟಿದ ಮೇಲೆ ವಾಸಕ್ಕೆ ಅನುಮತಿ. ಯಾದಗಿರಿಯಂಥ ನಗರಸಭೆಯ ಊರುಗಳಲ್ಲಿ 1964ರ ಪೌರಸಭೆಗಳ ಕಾಯ್ದೆಯ 187ನೇ ಕಲಮು, ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು. ಇದರ ಜೊತೆಗೆ ಹೊಸ ಬಡಾವಣೆ, ಭೂಬಳಕೆಯ ವಿಷಯ ಬಂದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ನಗರಾಭಿವೃದ್ಧಿ ಪ್ರಾಧಿಕಾರ. ಒಂದೇ ರಸ್ತೆಯಲ್ಲಿ ಹೋಗುವಾಗ ಪಾಲಿಕೆಯ ಹದ್ದು ಮುಗಿದು ಪಂಚಾಯಿತಿ ಶುರುವಾಗುತ್ತದೆ, ಅಲ್ಲಿಗೆ ಕಚೇರಿಯೂ ಬದಲು, ಕಾಯ್ದೆಯೂ ಬದಲು. ಆದ್ದರಿಂದ ಯಾರಾದರೂ ಕೆಲಸ ತಂದರೆ ನಾನು ಮೊದಲು ಕೇಳುವುದು ಅಳತೆಯನ್ನಲ್ಲ, "ಖಾತಾ ಯಾವ ಕಚೇರಿದು?" ಎಂದು.

ಈ ಕಾಯ್ದೆಗಳ ಕೆಳಗೆ ಕಟ್ಟಡ ಬೈಲಾಗಳು ಬರುತ್ತವೆ. ಸೆಟ್‌ಬ್ಯಾಕ್ (ನಿವೇಶನದ ಗಡಿಯಿಂದ ಖಾಲಿ ಬಿಡುವ ಜಾಗ) ಎಷ್ಟು, ಎಷ್ಟು ಅಂತಸ್ತು, ಪಾರ್ಕಿಂಗ್ ಎಷ್ಟು ಎಂಬುದರ ಜೊತೆಗೆ ನಕ್ಷೆಗೆ ಯಾರು ಸಹಿ ಹಾಕಬಹುದು ಎಂಬುದನ್ನೂ ಹೇಳುವುದು ಬೈಲಾ. ಅದಕ್ಕೆ ಮಾದರಿ ಭಾರತೀಯ ಮಾನಕ ಬ್ಯೂರೋದ ರಾಷ್ಟ್ರೀಯ ಕಟ್ಟಡ ಸಂಹಿತೆ. ಸಂಹಿತೆ ತಾನಾಗಿ ಕಾನೂನಲ್ಲ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ಬೈಲಾದಲ್ಲಿ ತೆಗೆದುಕೊಂಡಾಗ ಅದಕ್ಕೆ ಬಲ ಬರುತ್ತದೆ.

ಆ ಮಾದರಿಯಲ್ಲಿ ಸಹಿ ಮಾಡುವವರೆಲ್ಲ ಒಂದೇ ದರ್ಜೆಯವರಲ್ಲ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಅನುಭವ ಇದ್ದವರು ಸೂಪರ್‌ವೈಸರ್ ಆಗಿ ನೋಂದಾಯಿಸಿಕೊಳ್ಳಬಹುದು. 200 ಚದರ ಮೀಟರ್‌ವರೆಗಿನ ನಿವೇಶನದಲ್ಲಿ ಎರಡು ಅಂತಸ್ತು ಅಥವಾ ಏಳೂವರೆ ಮೀಟರ್ ಎತ್ತರದ ವಾಸದ ಮನೆ ಅವರ ಮಿತಿ. ಸಿವಿಲ್ ಪದವೀಧರರು ಎಂಜಿನಿಯರ್ ಆಗಿ ನೋಂದಾಯಿಸಿಕೊಂಡರೆ 500 ಚದರ ಮೀಟರ್‌ವರೆಗೆ, ಐದು ಅಂತಸ್ತು ಅಥವಾ 16 ಮೀಟರ್ ಎತ್ತರದವರೆಗೆ. ನಮ್ಮ ಅಡಿ ಲೆಕ್ಕಕ್ಕೆ ತಂದು ನೋಡಿ: 30×40 ನಿವೇಶನ ಸುಮಾರು 111 ಚದರ ಮೀಟರ್, ಡಿಪ್ಲೊಮಾದವರ ಮಿತಿಯೊಳಗೇ ಬರುತ್ತದೆ. 40×60 ಅಂದರೆ 223 ಚದರ ಮೀಟರ್, ಅವರ ಕೈ ಮೀರಿತು. ನಿಮ್ಮೂರಿನ ಬೈಲಾ ಈ ಅಂಕಿಗಳನ್ನು ಹಾಗೇ ಇಟ್ಟುಕೊಂಡಿದೆಯೋ ತಿದ್ದಿಕೊಂಡಿದೆಯೋ ಓದಿಕೊಂಡೇ ಕೆಲಸ ಒಪ್ಪಿಕೊಳ್ಳಿ. ಮಿತಿ ಮೀರಿ ಹಾಕಿದ ಸಹಿ ಕಟ್ಟಡದ ಮಾಲೀಕರನ್ನೂ ಸಿಕ್ಕಿಸುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ನಕ್ಷೆ ಮಾಡುವ ಹಕ್ಕು ಆರ್ಕಿಟೆಕ್ಟ್‌ಗಳಿಗೆ ಮಾತ್ರ ಇದೆ ಎಂದು ನಮ್ಮವರೇ ಕೆಲವರು ಹೇಳುತ್ತಾರೆ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆ ಇತ್ಯರ್ಥ ಮಾಡಿದೆ. 1972ರ ಕಾಯ್ದೆ ನೋಂದಣಿ ಇಲ್ಲದವರು "ಆರ್ಕಿಟೆಕ್ಟ್" ಎಂಬ ಹೆಸರು ಬಳಸುವುದನ್ನು ತಡೆಯುತ್ತದೆ, ಆ ಕೆಲಸ ಮಾಡುವುದನ್ನೇ ತಡೆಯುವುದಿಲ್ಲ ಎಂದು. ಹಾಗಾಗಿ ಎಂಜಿನಿಯರ್ ಧೈರ್ಯವಾಗಿ ನಕ್ಷೆ ಮಾಡಬಹುದು. ವಿಸಿಟಿಂಗ್ ಕಾರ್ಡಿನಲ್ಲಿ "ಎಂಜಿನಿಯರ್ ಮತ್ತು ಆರ್ಕಿಟೆಕ್ಟ್" ಎಂದು ಅಚ್ಚು ಹಾಕಿಸಿದರೆ ಮಾತ್ರ ತಪ್ಪಾಗುತ್ತದೆ.

ಸಹಿ ಮಾಡುವವರಲ್ಲಿ ಮೂರನೆಯವರು ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡ ಭಾರ ತಡೆದು ನಿಲ್ಲುವಂತೆ ಪಾಯ, ಕಂಬ, ತೊಲೆಗಳ ಲೆಕ್ಕ ಹಾಕುವವರು. ಸಂಹಿತೆಯ ಮಾದರಿಯಲ್ಲಿ ಸಿವಿಲ್ ಪದವಿಯ ಮೇಲೆ ಕನಿಷ್ಠ ಮೂರು ವರ್ಷ ಸ್ಟ್ರಕ್ಚರಲ್ ವಿನ್ಯಾಸದ್ದೇ ಅನುಭವ ಬೇಕು. ಆ ವಿಷಯದಲ್ಲಿ ಎಂ.ಟೆಕ್ ಮಾಡಿದ್ದರೆ ಎರಡು ವರ್ಷ ಸಾಕು. ನಮ್ಮ ಭಾಗದವರು ಈ ಸಹಿಯನ್ನು ಎಲ್ಲಕ್ಕಿಂತ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನಗೆ ಹೆಚ್ಚು ಭಯ ಹುಟ್ಟಿಸುವುದೂ ಇದೇ, ಯಾಕೆಂದರೆ ನಾವು ಮನೆ ಕಟ್ಟುತ್ತಿರುವುದು ಎರೆಮಣ್ಣಿನ ಮೇಲೆ.

ತೊಗರಿಗೆ ಈ ಮಣ್ಣು ಬಂಗಾರ. ಪಾಯಕ್ಕೆ ಮಾತ್ರ ಇದರಷ್ಟು ಕಷ್ಟದ ಮಣ್ಣಿಲ್ಲ. ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಅದೇ ನೆಲ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲಿನ ಮಣ್ಣಲ್ಲೇ ಪಾಯ ನಿಲ್ಲಿಸಿದ ಮನೆ ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಕೂರುತ್ತದೆ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ನಮ್ಮ ಊರುಗಳಲ್ಲಿ ಯಾರು ನೋಡಿಲ್ಲ?

ಅಣ್ಣನ ಮಗಳಿಗೆ ಮಾತಿನಲ್ಲಿ ಹೇಳುವ ಬದಲು ತೋರಿಸೋಣವೆಂದು ಸೋದರಮಾವನ ನಿವೇಶನದ ಮಣ್ಣು ತರಿಸಿದೆ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ತೂಗಿ 100 ಮಿಲಿಲೀಟರಿನ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕಿದೆವು. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಆದ್ದರಿಂದ ಅದು ಹೋಲಿಕೆಗೆ. ಒಂದು ದಿನ ಬಿಟ್ಟು ನೋಡಿದರೆ ಸೀಮೆಎಣ್ಣೆಯ ಮಣ್ಣು ಹತ್ತರ ಗೆರೆಯಲ್ಲಿ ಕೂತಿತ್ತು, ನೀರಿನದು ಹದಿನೇಳಕ್ಕೆ ಏರಿತ್ತು. ಅಂದರೆ ನೂರಕ್ಕೆ ಎಪ್ಪತ್ತರಷ್ಟು ಉಬ್ಬು. ಹುಡುಗಿ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮೂರು ಸಲ ಓದಿದಳು. ಪುಸ್ತಕದಲ್ಲಿ ಈ ಪರೀಕ್ಷೆ ಅವಳಿಗೆ ಗೊತ್ತಿತ್ತು. ಅದರ ಮೇಲೆ ತನ್ನವರ ಮನೆ ನಿಲ್ಲುತ್ತದೆ ಎಂಬುದು ಅಂದು ಗೊತ್ತಾಯಿತು.

ಮಣ್ಣು ಹೀಗಿದ್ದರೆ ಎರೆ ದಾಟಿ ಮುರುಮ, ಅಂದರೆ ಕೆಳಗಿನ ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು. ಎರೆ ತೀರ ಆಳವಿದ್ದರೆ ತುದಿಯಲ್ಲಿ ಗಡ್ಡೆಯಂತೆ ಅಗಲ ಮಾಡಿದ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗ ಇರುವುದೇ ಅದಕ್ಕೆ. ಯಾವುದು ಬೇಕು, ಎಷ್ಟು ಆಳ, ಎಷ್ಟು ಸರಳು ಎಂದು ನಿರ್ಧರಿಸುವವರು ಸ್ಟ್ರಕ್ಚರಲ್ ಎಂಜಿನಿಯರ್. ಪಕ್ಕದ ಮನೆಗೆ ನಾಲ್ಕಡಿ ಪಾಯ ಹಾಕಿದ್ದರು, ನಮಗೂ ನಾಲ್ಕಡಿ ಸಾಕು ಎನ್ನುವ ಗೌಂಡಿಯ ಮಾತಿಗೆ ಆ ಸಹಿ ಹಾಕುವಂತಿಲ್ಲ.

ಮಣ್ಣಿನ ಜೊತೆಗೆ ಭೂಕಂಪವನ್ನೂ ನೆನಪಿಡಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿದಾಗ ಆಳಂದ, ಬಸವಕಲ್ಯಾಣದ ಕಡೆಯ ಹಿರಿಯರೂ ಅಂಗಳಕ್ಕೆ ಓಡಿ ಬಂದದ್ದನ್ನು ಈಗಲೂ ಹೇಳುತ್ತಾರೆ. ಅಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಮಣ್ಣಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳು, ಭಾರದ ಮಾಳಿಗೆಗಳು. ಅದಕ್ಕೆ ಮುಂಚೆ ಅದು ಭೂಕಂಪದ ಭಯವಿಲ್ಲದ ಸೀಮೆ ಎಂದೇ ಎಲ್ಲರ ಎಣಿಕೆಯಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮತ್ತೆ ಮತ್ತೆ ನೆಲ ಅದುರಿದ್ದಕ್ಕೆ ಮನೆ ಬಿಟ್ಟು ಹೊರಗೆ ಮಲಗಿದ್ದು ಮೊನ್ನೆ ಮೊನ್ನೆಯ ಮಾತು.

ಇನ್ನು ನೋಂದಣಿ ಹೇಗೆ ಎಂಬ ವಿಷಯ. ಅರ್ಜಿಯಲ್ಲಿ ಕಷ್ಟವೇನಿಲ್ಲ. ಘಟಿಕೋತ್ಸವದ ಪದವಿ ಪತ್ರ ಅಥವಾ ಪ್ರೊವಿಷನಲ್, ಅಂಕಪಟ್ಟಿಗಳು, ಆಧಾರ್, ಪ್ಯಾನ್, ಫೋಟೊ, ವಿಳಾಸದ ದಾಖಲೆ, ಮಾದರಿ ಸಹಿ, ಅನುಭವದ ಪತ್ರ, ನಿಗದಿಯಾದ ಶುಲ್ಕ. ಈಗ ನಕ್ಷೆ ಮಂಜೂರಾತಿ ಆನ್‌ಲೈನ್ ಆಗಿರುವುದರಿಂದ ನೋಂದಾಯಿತ ಎಂಜಿನಿಯರಿಗೆ ಲಾಗಿನ್ ಬೇಕು. ನಕ್ಷೆ ಅಪ್‌ಲೋಡ್ ಆಗುವುದು ಅದರ ಮೂಲಕ. ಪಾಲಿಕೆಯ ನಗರ ಯೋಜನಾ ಶಾಖೆಯಲ್ಲಿ ಹೋಗಿ ಕೂತು, ಈಗ ಜಾರಿಯಲ್ಲಿರುವ ಬೈಲಾದ ಪ್ರತಿ ಯಾವುದು, ಅರ್ಹತೆಯ ಪುಟ ಯಾವುದು ಎಂದು ಕೇಳಿ ಓದಿ. ಕಲಬುರಗಿಯಲ್ಲಿ ನೋಂದಾಯಿಸಿದ್ದು ಬೀದರಿನಲ್ಲೋ ಯಾದಗಿರಿಯಲ್ಲೋ ತಾನಾಗಿ ನಡೆಯುತ್ತದೆ ಎಂದುಕೊಂಡು ಅಲ್ಲಿಯ ಕೆಲಸಕ್ಕೆ ಮುಂಗಡ ತೆಗೆದುಕೊಳ್ಳಬೇಡಿ, ಮೊದಲು ಅಲ್ಲಿ ವಿಚಾರಿಸಿ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನವೀಕರಣ ತಪ್ಪಿದ ತಿಂಗಳಲ್ಲಿ ಹಾಕಿದ ಸಹಿಗೆ ಬೆಲೆಯಿಲ್ಲ.

ಹುಡುಗರು ಎಡವುವುದು ಅನುಭವದ ಪತ್ರದಲ್ಲಿ. ನಾನೂ ಎಡವಿದ್ದೆ. ಓದು ಮುಗಿಸಿದ ಮೇಲೆ ಎರಡು ವರ್ಷ ಒಬ್ಬರ ಬಳಿ ಸೈಟ್ ನೋಡಿಕೊಂಡಿದ್ದೆ. ಸಂಬಳ ಕೈಗೆ, ನೇಮಕದ ಕಾಗದವಿಲ್ಲ, ಹಾಜರಿ ಪುಸ್ತಕವಿಲ್ಲ. ಪತ್ರ ಕೇಳಿದಾಗ "ಮುಂದಿನ ವಾರ ಬಾರಪ್ಪ" ಎಂದರು. ಎಂಟು ತಿಂಗಳು ಓಡಾಡಿದೆ, ಕೊಡಲಿಲ್ಲ. ಬೆವರು ಸುರಿಸಿದ ಎರಡು ವರ್ಷ ಲೆಕ್ಕಕ್ಕೇ ಬರಲಿಲ್ಲ. ಇಂದಿಗೂ ಅದು ನನಗೆ ನೋವಿನ ಮಾತೇ. ಆದ್ದರಿಂದ ಸೇರುವ ದಿನವೇ ನೇಮಕದ ಪತ್ರ ಕೇಳಿ. ಸಂಬಳ ಕಡಿಮೆಯಾದರೂ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ಬಿಡುವಾಗ ಬರೆಸಿಕೊಳ್ಳುವ ಪತ್ರದಲ್ಲಿ "ಕೆಲಸ ಮಾಡಿದ್ದಾರೆ" ಎಂದಷ್ಟೇ ಇದ್ದರೆ ಸಾಲದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಅಂತಸ್ತಿನ ಕಟ್ಟಡ, ವಿನ್ಯಾಸವೋ ಮೇಲ್ವಿಚಾರಣೆಯೋ, ಇಷ್ಟೂ ಬರಬೇಕು. ಸ್ಟ್ರಕ್ಚರಲ್ ನೋಂದಣಿಗೆ ಉಸುಕು, ಸಿಮೆಂಟು ಇಳಿಸಿಕೊಂಡ ಅನುಭವ ನಡೆಯುವುದಿಲ್ಲ, ವಿನ್ಯಾಸ ಮಾಡಿದ ಅನುಭವವೇ ಬೇಕು.

ನೋಂದಣಿ ಸಿಕ್ಕಿತು, ಸೀಲು ಮಾಡಿಸಿದಿರಿ. ಆಗ ಯಾರೋ ಬಂದು ಹತ್ತು ನಕ್ಷೆ ಮೇಜಿನ ಮೇಲಿಟ್ಟು, ನಕ್ಷೆಗಿಷ್ಟು ಎಂದು ದುಡ್ಡು ಎಣಿಸುತ್ತಾರೆ. ಸೈಟ್ ಎಲ್ಲಿದೆ ಎಂದು ಕೂಡ ನಿಮಗೆ ಗೊತ್ತಿರುವುದಿಲ್ಲ. ಕೈಮುಗಿದು ಹೇಳುತ್ತೇನೆ, ಆ ದುಡ್ಡು ಮುಟ್ಟಬೇಡಿ. ನಿಮ್ಮ ಸಹಿ ನಕ್ಷೆ ಮಂಜೂರಾದ ದಿನಕ್ಕೆ ಮುಗಿಯುವುದಿಲ್ಲ. ಕೆಲಸ ಶುರುವಾದದ್ದು, ಮುಗಿದದ್ದು, ನಕ್ಷೆಯಂತೆ ಕಟ್ಟಿದ್ದಾರೆ ಎಂದು ಕೊನೆಗೆ ಪ್ರಮಾಣೀಕರಿಸುವುದು ಎಲ್ಲಕ್ಕೂ ಅದೇ ಹೆಸರು. ಮಾಲೀಕರು ಮಾತು ಕೇಳದೆ ಸೆಟ್‌ಬ್ಯಾಕ್ ನುಂಗಿದರೆ, ಅಥವಾ ಮಂಜೂರಾಗದ ಮೂರನೇ ಮಹಡಿ ಏರಿಸಿದರೆ, ಆ ಕೆಲಸದಿಂದ ಹೊರಬಂದೆ ಎಂದು ಪಾಲಿಕೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಹಾಗೆ ಮಾಡದೆ ಸುಮ್ಮನಿದ್ದು, ನಾಳೆ ಸಜ್ಜಾ ಕುಸಿದು ಜೀವ ಹೋದರೆ ಪೊಲೀಸರು ಮೊದಲು ಹುಡುಕುವ ಹೆಸರುಗಳಲ್ಲಿ ನಿಮ್ಮದೂ ಇರುತ್ತದೆ. ನಿರ್ಲಕ್ಷ್ಯದಿಂದ ಸಾವಾದರೆ ಹಳೆಯ ದಂಡ ಸಂಹಿತೆಯ 304-ಎ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಅದು ಐದು ವರ್ಷದವರೆಗೆ.

ಸಹಿಯ ತೂಕ ದಿನೇ ದಿನೇ ಹೆಚ್ಚುತ್ತಿದೆ. ಬೆಂಗಳೂರಿನಲ್ಲಿ 2024ರಿಂದ "ನಂಬಿಕೆ ನಕ್ಷೆ" ಎಂಬ ವ್ಯವಸ್ಥೆ ಇದೆ; ಸಣ್ಣ ವಾಸದ ಮನೆಗಳಿಗೆ ನೋಂದಾಯಿತ ವೃತ್ತಿಪರರ ದೃಢೀಕರಣದ ಮೇಲೇ ನಕ್ಷೆ ಸಿಗುತ್ತದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಮುಕ್ತಾಯ ಅಥವಾ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬಾರದು ಎಂದು ಹೇಳಿದ ಮೇಲೆ ಆ ಪತ್ರಕ್ಕೆ ಎಲ್ಲಿಲ್ಲದ ಬೆಲೆ ಬಂದಿದೆ. ಆ ಪತ್ರ ಸಿಗಬೇಕಾದರೆ ಎಂಜಿನಿಯರ್ ದೃಢೀಕರಿಸಬೇಕು, ದೃಢೀಕರಿಸಬೇಕಾದರೆ ಅವರು ಸೈಟ್ ನೋಡಿರಬೇಕು.

ಹೆಸರಿನಿಂದ ದಾರಿ ತಪ್ಪಿಸುವ ಬೇರೆ ಕೆಲವು ಕಾಗದಗಳಿವೆ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ಲೈಸೆನ್ಸು ಟೆಂಡರ್ ಹಿಡಿಯಲಿಕ್ಕೆ, ನಕ್ಷೆಗೆ ಸಹಿ ಹಾಕಲಿಕ್ಕಲ್ಲ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಕೊಡುವ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರಕ್ಕೆ ಗೌರವವಿದೆ, ಯಂತ್ರಗಳ ತಪಾಸಣೆ, ಪ್ರಮಾಣೀಕರಣದಂಥ ಕೆಲಸಕ್ಕೆ ಕೇಳುತ್ತಾರೆ, ಆದರೆ ಪಾಲಿಕೆಯ ನೋಂದಣಿಗೆ ಅದು ಬದಲಿಯಲ್ಲ. ಮನೆಯ ವೈರಿಂಗ್ ಮಾಡಿ ಜೆಸ್ಕಾಂ ಮುಂದೆ ವರದಿ ಕೊಡುವವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು ಬೇಕು, ಅದರ ದಾರಿಯೇ ಬೇರೆ. ಸಂವಿಧಾನದ 371-ಜೆ ಪ್ರಮಾಣಪತ್ರ ನಮ್ಮ ಭಾಗದವರಿಗೆ ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುತ್ತದೆ. ಜೆಇ (ಕಿರಿಯ ಎಂಜಿನಿಯರ್) ಹುದ್ದೆಗೆ ಅದು ಬಹಳ ಮುಖ್ಯ, ಖಾಸಗಿ ವೃತ್ತಿಯ ನೋಂದಣಿಗೂ ಅದಕ್ಕೂ ಸಂಬಂಧವಿಲ್ಲ.

ಕೊಲ್ಲಿ ದೇಶಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಸೌದಿಯಲ್ಲಿ ಅಲ್ಲಿಯ ಎಂಜಿನಿಯರುಗಳ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಕುವೈತ್‌ನಲ್ಲಿ 2018ರಿಂದ, ಓದಿದ ಕೋರ್ಸಿಗೆ ನಮ್ಮ ದೇಶದ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಇತ್ತೇ ಎಂದು ನೋಡತೊಡಗಿದ ಮೇಲೆ ಹತ್ತಾರು ವರ್ಷ ಅಲ್ಲಿ ದುಡಿದ ಭಾರತೀಯ ಎಂಜಿನಿಯರುಗಳೂ ಪರದಾಡಿದರು. ಈ ಮಾನ್ಯತೆ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ, ಅದೂ ಇಂತಿಷ್ಟು ವರ್ಷಕ್ಕೆ. ಸೀಟು ತೆಗೆದುಕೊಳ್ಳುವ ದಿನವೇ ಅದನ್ನು ಕೇಳಬೇಕು. ಅಮೆರಿಕದಲ್ಲಿ ಲೈಸೆನ್ಸು ರಾಜ್ಯದ್ದು: ಒಂದು ಮೂಲ ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷ ಲೈಸೆನ್ಸ್ ಇದ್ದವರ ಕೈಕೆಳಗೆ ಕೆಲಸ, ಆಮೇಲೆ ವೃತ್ತಿ ಪರೀಕ್ಷೆ. 1907ರಲ್ಲಿ ವಯೋಮಿಂಗ್ ರಾಜ್ಯ ಇದನ್ನು ಶುರುಮಾಡಿತು. ಟೆಕ್ಸಾಸ್ 1937ರಲ್ಲಿ ಕಾಯ್ದೆ ತಂದದ್ದು ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಅನಿಲ ಸೋರಿ ಸಿಡಿದು ಮಕ್ಕಳು, ಶಿಕ್ಷಕರು ಸೇರಿ ಸುಮಾರು 300 ಜನ ಸತ್ತ ಮೇಲೆ, ಅದೇ ವರ್ಷ. ಕಿಲ್ಲಾರಿಯನ್ನು ಕಂಡ ನಾವು ಇನ್ನೂ ಅಂಥದೊಂದು ಕಾಯ್ದೆಗೆ ಕಾಯುತ್ತಿದ್ದೇವೆ.

ಸೋದರಮಾವನ ನಕ್ಷೆಗೆ ಕೊನೆಗೆ ಸಹಿ ಹಾಕಿದ್ದು ನಾನು. ಸ್ಟ್ರಕ್ಚರಲ್ ಹಾಳೆಗಳಿಗೆ ಆ ನೋಂದಣಿ ಇರುವ ಗೆಳೆಯರೊಬ್ಬರು. ಅಣ್ಣನ ಮಗಳಿಗೆ ನೇಮಕದ ಪತ್ರ ಕೊಟ್ಟು ಸೈಟಿಗೆ ಹಾಕಿದೆ. ಅವಳೊಂದು ಉದ್ದ ಡೈರಿ ಇಟ್ಟಿದ್ದಾಳೆ: ಯಾವ ದಿನ ಯಾವ ಫುಟಿಂಗ್, ಎಷ್ಟಡಿಗೆ ಮುರುಮ ಸಿಕ್ಕಿತು, ಕಾಂಕ್ರೀಟಿನ ಬಲ ಪರೀಕ್ಷೆಗೆ ಕ್ಯೂಬ್ ಹಾಕಿದ ತಾರೀಖು, ಪಕ್ಕದಲ್ಲಿ ನನ್ನ ಸಹಿ. ಮೊನ್ನೆ ಮೊದಲ ಸ್ಲ್ಯಾಬಿನ ದಿನ ಮಿಕ್ಸರ್ ಬಂದು ನಿಂತಿತ್ತು, ಆಳುಗಳು ಸಾಲಾಗಿ ನಿಂತಿದ್ದರು. ಅವಳು ಸೆಂಟ್ರಿಂಗ್ ಮೇಲೆ ಕೂತು ಸರಳಿನ ಕೆಳಗೆ ಕೈ ಹಾಕಿ ನೋಡಿದಳು. ಒಂದು ಮೂಲೆಯಲ್ಲಿ ಸರಳನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿರಲಿಲ್ಲ, ಸರಳು ಹಲಗೆಗೆ ತಾಗಿತ್ತು.

"ಇದು ಎತ್ತಿ ಕವರ್ ಇಡ್ರಿ. ಅಲ್ಲೀತನಾ ಮಾಲ್ ಹಾಕಬ್ಯಾಡ್ರಿ" ಎಂದಳು.

ಗೌಂಡಿ ಅವಳ ಸೋದರಮಾವನ ಮುಖ ನೋಡಿದ. ಅವರು ಮಿಕ್ಸರಿನವನಿಗೆ ನಿಲ್ಲಲು ಕೈ ಮಾಡಿ, "ಆಕಿ ಹೇಳ್ದಂಗ ಮಾಡ್ರಿ" ಎಂದರು.